ಸೌಮ್ಯ ಕೊರೊನಾ ವಾಸಿಯಾಗಿ ತಿಂಗಳುಗಳಾದರೂ ಸುಸ್ತು: ಇದು ಬರೀ ಭ್ರಮೆಯೇ?

ನಾಲ್ಕು ದಿನ ಜ್ವರ, ಒಂದು ವಾರ ಕೆಮ್ಮು. ಆಸ್ಪತ್ರೆ ಸೇರುವ ಪ್ರಮೇಯವೇ ಬರಲಿಲ್ಲ. ಆದರೂ ತಿಂಗಳುಗಳ ನಂತರ ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗ್ಗೆ ಏಳುವಾಗಲೇ ಸುಸ್ತು, ಗೊತ್ತಿರುವ ಹೆಸರೂ ನೆನಪಿಗೆ ಬರುವುದಿಲ್ಲ. ಇಂಥವರಿಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಬರುತ್ತವೆ. ಸೌಮ್ಯ ಸೋಂಕು ಏನನ್ನೂ ಉಳಿಸಿ ಹೋಗುವುದಿಲ್ಲ, ಇದೆಲ್ಲ ಮನಸ್ಸಿನ ಭ್ರಮೆ ಎಂಬುದು ಒಂದು. ಕೊರೊನಾ ಬಂದವರ ದೇಹ ಇನ್ನು ಸರಿಹೋಗುವುದೇ ಇಲ್ಲ ಎಂಬುದು ಇನ್ನೊಂದು. ಎರಡೂ ನಿಜವಲ್ಲ. ಯಾಕೆ ಎಂದು ನೋಡೋಣ.

ಈ ಸಮಸ್ಯೆಗೆ ಹೆಸರಿದೆಯೇ?

ಇದೆ, ಲಾಂಗ್ ಕೋವಿಡ್. ಈ ಹೆಸರು ಬಂದದ್ದು ವೈದ್ಯರಿಂದಲ್ಲ, ರೋಗಿಗಳಿಂದ. ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ 2020ರ ಮೇ ತಿಂಗಳಲ್ಲಿ ಟ್ವಿಟರ್‌ನಲ್ಲಿ ಇದನ್ನು ಹ್ಯಾಶ್‌ಟ್ಯಾಗ್ ಆಗಿ ಬಳಸಿದರು. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ವ್ಯಾಖ್ಯೆ ಕೊಟ್ಟಿತು: ಸಾಮಾನ್ಯವಾಗಿ ಸೋಂಕು ಶುರುವಾಗಿ 3 ತಿಂಗಳ ಹೊತ್ತಿಗೆ ಕಾಣುವ, ಕನಿಷ್ಠ 2 ತಿಂಗಳು ಇರುವ, ಬೇರೆ ಯಾವುದೇ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು. ಅದೇ ವರ್ಷ ಭಾರತದ ಆರೋಗ್ಯ ಸಚಿವಾಲಯವೂ ಕೋವಿಡ್ ನಂತರದ ತೊಂದರೆಗಳ ಬಗ್ಗೆ ವೈದ್ಯರಿಗೆ ಮಾರ್ಗಸೂಚಿ ಹೊರಡಿಸಿತು.

ಸೌಮ್ಯ ಸೋಂಕಿನ ನಂತರವೂ ಬರುತ್ತದೆಯೇ?

ಬರಬಹುದು. ತೀವ್ರ ಸೋಂಕಾಗಿ ಆಸ್ಪತ್ರೆ ಸೇರಿದವರಲ್ಲಿ ಇದರ ಅಪಾಯ ಹೆಚ್ಚು. ಆದರೆ ಕೊರೊನಾ ಬಂದವರಲ್ಲಿ ಬಹುತೇಕರಿಗೆ ಬಂದದ್ದು ಸೌಮ್ಯ ರೂಪ. ಹಾಗಾಗಿ ಲಾಂಗ್ ಕೋವಿಡ್ ಇರುವವರಲ್ಲೂ ಆಸ್ಪತ್ರೆ ಸೇರದವರೇ ಹೆಚ್ಚು. ಸೋಂಕಿತರಲ್ಲಿ ಸುಮಾರು 100ಕ್ಕೆ 6 ಜನರಿಗೆ ಈ ಸಮಸ್ಯೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆ.

ರಿಪೋರ್ಟ್ ನಾರ್ಮಲ್ ಬಂದರೆ?

ಲಾಂಗ್ ಕೋವಿಡ್ ಪತ್ತೆಗೆ ಇಂಥದ್ದೇ ಎಂಬ ಒಂದು ಪರೀಕ್ಷೆ ಇಲ್ಲ. ದೇಹದಲ್ಲಿ ಉಳಿದ ವೈರಸ್ಸಿನ ತುಣುಕುಗಳು, ಹದ ತಪ್ಪಿದ ರೋಗನಿರೋಧಕ ವ್ಯವಸ್ಥೆ, ಸಣ್ಣ ರಕ್ತನಾಳಗಳ ತೊಂದರೆ ಇವೆಲ್ಲ ಕಾರಣವಿರಬಹುದೇ ಎಂದು ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ಆದ್ದರಿಂದ ಮಾಮೂಲಿ ರಕ್ತ ಪರೀಕ್ಷೆ ಸರಿ ಬಂದ ಮಾತ್ರಕ್ಕೆ ರೋಗಿ ನಾಟಕ ಮಾಡುತ್ತಿದ್ದಾರೆ ಎಂದು ಅರ್ಥವಲ್ಲ.

ಹಾಗಾದರೆ ಪರೀಕ್ಷೆಯೇ ಬೇಡವೇ?

ಖಂಡಿತ ಬೇಕು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಯಿಂದಲೂ ಇಂಥದ್ದೇ ಸುಸ್ತು ಬರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಎರಡು ವಾರ ದಾಟಿದ ಕೆಮ್ಮನ್ನು ಕೊರೊನಾದ ಉಳಿಕೆ ಎಂದು ಬಿಡಬೇಡಿ. ಅದು ಕ್ಷಯವೂ ಆಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಎದೆನೋವು, ಸುಮ್ಮನೆ ಕುಳಿತಾಗಲೂ ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಷಾಯ, ವ್ಯಾಯಾಮದಿಂದ ಗುಣವಾಗುತ್ತದೆಯೇ?

ಬಿಸಿ ಕಷಾಯ ಗಂಟಲಿಗೆ ಹಿತವೆನಿಸಬಹುದು. ಆದರೆ ಅದು ಲಾಂಗ್ ಕೋವಿಡ್ ವಾಸಿ ಮಾಡುತ್ತದೆ ಎನ್ನಲು ಪುರಾವೆ ಇಲ್ಲ. ಕೊರೊನಾ ವೈರಸ್ ವಿರುದ್ಧದ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು 15 ದಿನ ಕೊಟ್ಟು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಪ್ರಯೋಗದಲ್ಲೂ ಲಾಂಗ್ ಕೋವಿಡ್ ರೋಗಿಗಳಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹಾಗಾಗಿ ಒಂದೇ ವಾರದಲ್ಲಿ ಗ್ಯಾರಂಟಿ ಎನ್ನುವ ಡಿಟಾಕ್ಸ್ ಪುಡಿಗಳಿಗೆ ಹಣ ಸುರಿಯಬೇಡಿ.

ವ್ಯಾಯಾಮದ ವಿಷಯದಲ್ಲಿ ಎಚ್ಚರ ಬೇಕು. ಕೆಲವರಿಗೆ ತುಸು ಹೆಚ್ಚು ಕೆಲಸ ಮಾಡಿದರೆ ಅಂದು ಏನೂ ಆಗುವುದಿಲ್ಲ, ಮರುದಿನವೋ ಅದರ ಮರುದಿನವೋ ಹಾಸಿಗೆ ಹಿಡಿಯುವಂತಾಗುತ್ತದೆ. ಇಂಥವರಿಗೆ ಓಡಾಡಿದರೆ ಸರಿಹೋಗುತ್ತದೆ ಎಂಬ ಸಲಹೆಯಿಂದ ಕೆಡುಕೇ ಹೆಚ್ಚು. ಕೆಲಸವನ್ನು ಸಣ್ಣ ಭಾಗಗಳಾಗಿ ಹಂಚಿಕೊಂಡು, ದಣಿಯುವ ಮೊದಲೇ ವಿಶ್ರಾಂತಿ ಪಡೆಯುವುದು ಒಳ್ಳೆಯದು. ಮನೆಯವರು ಕೆಲಸ ಹಂಚಿಕೊಂಡರೆ ಅದು ದೊಡ್ಡ ಸಹಾಯ.

ನಮ್ಮ ತೀರ್ಮಾನ

ಸೌಮ್ಯ ಕೊರೊನಾದ ನಂತರದ ದೀರ್ಘ ಸುಸ್ತು ಭ್ರಮೆಯಲ್ಲ. ಅದು ಶಾಶ್ವತ ಎನ್ನುವುದೂ ಸರಿಯಲ್ಲ. ಹಲವರು ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ವರ್ಷಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಸೋಮಾರಿತನ ಎಂದು ಹಂಗಿಸಬೇಡಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಇದೆಲ್ಲ ಭ್ರಮೆ ಎನ್ನುವ ಸಂದೇಶ ಗ್ರೂಪಿನಲ್ಲಿ ಬಂದರೆ ಅದನ್ನು ಮುಂದೆ ಕಳಿಸಬೇಡಿ.