ಅಂಜಿಕೆಯ ಅಳತೆ

1993ರ ಸೆಪ್ಟೆಂಬರ್ 30ರ ನಸುಕನ್ನು ನೀವು ಮರೆತಿರಲಾರಿರಿ. ಗಣಪತಿ ಕಳಿಸಿ ಮಲಗಿದ್ದ ಊರುಗಳು 3 ಗಂಟೆ 56 ನಿಮಿಷಕ್ಕೆ ನಡುಗಿದವು. ಕಿಲ್ಲಾರಿ, ಆಗ ನಮ್ಮ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಮಣ್ಣುಗೂಡಿದವು. ಭೂಕಂಪದ ಬಲ ಅಳೆದರು. ಬಿದ್ದ ಮನೆ ಎಣಿಸಿದರು. ಸತ್ತವರು 7 ಸಾವಿರಕ್ಕೂ ಹೆಚ್ಚು ಎಂದು ಬರೆದರು. ಉಳಿದವರ ಅಂಜಿಕೆ ಮಾತ್ರ ಯಾವ ಪಟ್ಟಿಯಲ್ಲೂ ಕಾಣಲಿಲ್ಲ. ನಮ್ಮ ಯೆಣೆಗೂರಲ್ಲೂ ಮನೆ ಗಟ್ಟಿಯಿದ್ದವರೇ ಅಂಗಳದಲ್ಲಿ ಮಲಗಿದರು. ಲಾರಿ ಸದ್ದಿಗೂ ಎದ್ದು ಕೂತರು.

ಅಂಥ ಅಂಜಿಕೆ ತಿಂಗಳುಗಟ್ಟಲೆ ಇಳಿಯದೆ ದುಡಿಮೆ ಕೆಡಿಸಿದರೆ ಅದು ರೋಗ. ಅದರಿಂದ ಬದುಕು ಎಷ್ಟು ಕುಗ್ಗಿತೆಂದು ತಿಳಿಯುವುದು ಹೇಗೆ? 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬದುಕಿನ ಗುಣಮಟ್ಟ ಅಳೆಯುವ ಕೆಲಸ ಹಿಡಿಯಿತು. ಅದರ 15 ಕೇಂದ್ರಗಳಲ್ಲಿ ದೆಹಲಿ, ಮದ್ರಾಸುಗಳೂ ಇದ್ದವು. ಮೊದಲು 100 ಪ್ರಶ್ನೆ, ಬಳಿಕ ಚಿಕ್ಕದಾಗಿ 26. ಕಳೆದ ಎರಡು ವಾರ ನಿದ್ದೆ ತೃಪ್ತಿಯಾಗಿದೆಯೆ? ದುಡಿಯುವ ಶಕ್ತಿ ಇದೆಯೆ? ಗೆಳೆಯರು ಆಸರೆಯಾಗಿದ್ದಾರೆಯೆ? ಇರುವ ಮನೆ ಹೇಗಿದೆ? ಒಂದರಿಂದ ಐದರವರೆಗೆ ಅಂಕ. ಇಲ್ಲಿ ಅಂಕ ಕೊಡುವವರು ವೈದ್ಯರಲ್ಲ, ರೋಗಿಯೇ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ತಪ್ಪು ಖಾತೆಗೆ ಬಿದ್ದ ಅಂಕಿ ಎಷ್ಟು ಸಲ ಕೂಡಿಸಿದರೂ ಸರಿಯಾಗದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ನಮಗೂ ಹಾಗೆಯೇ: "ನಿದ್ದಿ ಹತ್ತತದೇನ್ರಿ?" ಎಂದು ಕೇಳಿದಾಗ ಬರುವ ಉತ್ತರವೇ ಬೇರೆ.

ಬಂಧುಗಳೆ, ಅಂಜಿಕೆ ಹೇಡಿತನವಲ್ಲ. ಅದಕ್ಕೆ ಔಷಧವೂ ಉಂಟು, ಮಾತಿನ ಚಿಕಿತ್ಸೆಯೂ ಉಂಟು. ಡಾಕ್ಟರು ಕೇಳಿದರೆ "ಛಲೋ ಇದ್ದೀನ್ರಿ" ಎಂದು ಸುಮ್ಮನಾಗಬೇಡಿ. ಇದ್ದದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ.