ಪಂಡಿತರು ಮತ್ತು ಬಾಯಿಯರು

ರಾಮಭಾವು ಕುಂದಗೋಳಕರ ಎಂದರೆ ಇಂದು ಎಷ್ಟೋ ರಸಿಕರಿಗೆ ಯಾರೆಂದು ಹೊಳೆಯುವುದಿಲ್ಲ, ಸವಾಯಿ ಗಂಧರ್ವ ಎಂದರೆ ಎಲ್ಲರಿಗೂ ಗೊತ್ತು. ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ಕೊಟ್ಟ ಬಿರುದು ಹೆಸರನ್ನೇ ನುಂಗಿತು. ಮರಾಠಿ ಸಂಗೀತ ನಾಟಕದಲ್ಲಿ ನಾರಾಯಣರಾವ್ ರಾಜಹಂಸರು ಆಗಲೇ ಬಾಲ ಗಂಧರ್ವರಾಗಿ ಮೆರೆಯುತ್ತಿದ್ದರು. ಅವರಿಗಿಂತ ಈ ಗಾಯಕ ಸವಾಯಿ, ಅಂದರೆ ಕಾಲುಪಾಲು ಹೆಚ್ಚು ಎಂಬುದು ಖಾಪರ್ಡೆಯವರ ಮೆಚ್ಚುಗೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಬ್ಬರೂ ರಂಗದ ಮೇಲೆ ಸೀರೆಯುಟ್ಟು ಹಾಡಿದವರು. ಆ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳೂ ಗಂಡಸರ ಪಾಲಾಗಿದ್ದವು. ಹೆಣ್ಣಾಗಿ ಹಾಡಿದ ಗಂಡಸರು ಗಂಧರ್ವರಾದರು, ಹೆಣ್ಣಾಗಿಯೇ ಹುಟ್ಟಿ ಹಾಡಿದವರು ಬಾಯಿಯರಾಗಿಯೇ ಉಳಿದರು.

ಇದು ಬರಿಯ ರಂಗದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಸವಾಯಿ ಗಂಧರ್ವರ ಮನೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ಅವರ ಶಿಷ್ಯರಲ್ಲಿ ಭೀಮಸೇನ ಜೋಶಿಯವರು ಪಂಡಿತರಾದರು, ಗಂಗೂಬಾಯಿ ಹಾನಗಲ್ಲರು ಗಂಗೂಬಾಯಿಯಾಗಿಯೇ ಉಳಿದರು. ಗುರು ಒಬ್ಬರೇ, ಕಿರಾಣಾ ಘರಾಣೆ ಒಂದೇ, ಇಬ್ಬರದೂ ದಶಕಗಳ ಸಾಧನೆ. ಗಂಡು ಹಿಂದುವಾದರೆ ಪಂಡಿತ, ಮುಸ್ಲಿಮನಾದರೆ ಉಸ್ತಾದ್, ಆದರೆ ಕೇಸರಬಾಯಿ, ಮೋಗೂಬಾಯಿಯಂಥ ಗಾಯಕಿಯರು ಕೊನೆತನಕ ಬರಿಯ ಬಾಯಿಯರು ಎಂದು ಗಂಗೂಬಾಯಿಯವರೇ ಹೇಳಿದ್ದುಂಟು. ಅದು ಕಹಿಮಾತಲ್ಲ, ನಿಜವಾದ ಲೆಕ್ಕ.

ಬಾಯಿ ಎಂಬುದೂ ಗೌರವದ ಮಾತಲ್ಲವೇ ಎಂದು ಕೇಳಬಹುದು. ಹೌದು, ಉತ್ತರ ಕರ್ನಾಟಕದ ಮನೆಮನೆಯಲ್ಲೂ ಆ ಗೌರವವಿದೆ. ಆದರೆ ಅದು ಹೆಣ್ಣಿಗೆ ಸಲ್ಲುವ ಗೌರವ, ವಿದ್ಯೆಗೆ ಸಲ್ಲುವುದಲ್ಲ. ಹಾಡುವ ಮನೆತನದ ಹೆಣ್ಣುಮಕ್ಕಳ ಹೆಸರಿಗೆ ಅಂಟಿದಾಗಲಂತೂ ಸಮಾಜದ ಸಂದೇಹವೂ ಜೊತೆಗೆ ಅಂಟಿಕೊಂಡಿತ್ತು. ಕೇಸರಬಾಯಿ ಕೇರ್ಕರರಿಗೆ ಸುರಶ್ರೀ ಎಂಬ ಬಿರುದಿತ್ತು, ಮೋಗೂಬಾಯಿ ಕುರ್ಡೀಕರರಿಗೆ ಗಾನತಪಸ್ವಿನಿ ಎಂಬುದಿತ್ತು ಎಂಬ ಇನ್ನೊಂದು ಆಕ್ಷೇಪವೂ ಬಲವಾದದ್ದೇ. ಆದರೆ ಅವು ಒಬ್ಬೊಬ್ಬರಿಗೆ ಒಲಿದು ಬಂದ ಮನ್ನಣೆಗಳು. ಪಂಡಿತ ಎಂಬುದನ್ನು ಯಾರೂ ಸಭೆ ಕರೆದು ಕೊಡಬೇಕಿರಲಿಲ್ಲ, ಗಂಡಸು ಚೆನ್ನಾಗಿ ಹಾಡಿದರೆ ಕರಪತ್ರದಲ್ಲಿ ತಾನಾಗಿ ಸೇರಿಕೊಳ್ಳುತ್ತಿತ್ತು. ತಾನಾಗಿ ಬರುವ ಈ ಗೌರವವೇ ಗಾಯಕಿಯರಿಗೆ ತಪ್ಪಿದ್ದು. ದಕ್ಷಿಣದಲ್ಲೂ ಕಥೆ ಬೇರೆಯಲ್ಲ: ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಮೊದಲ ಬಾರಿ ಒಬ್ಬ ಮಹಿಳೆಗೆ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ, ಸಂದದ್ದು 1968ರಲ್ಲಿ.

ಈಗ ವಿದುಷಿ ಎಂದು ಬರೆಯುವ ರೂಢಿ ಬಂದಿದೆ, ಒಳ್ಳೆಯದೇ. ಕಛೇರಿಯ ಆಹ್ವಾನಪತ್ರಿಕೆ ಅಚ್ಚು ಹಾಕಿಸುವವರಲ್ಲಿ ಒಂದೇ ಕೋರಿಕೆ: ಭೀಮಸೇನರ ಹೆಸರಿನ ಹಿಂದೆ ಪಂಡಿತ ಎಂದು ಬರೆದ ಕೈ, ಗಂಗೂಬಾಯಿಯವರ ಹೆಸರಿನ ಹಿಂದೆ ವಿದುಷಿ ಎಂದು ಬರೆಯಲು ಮರೆಯದಿರಲಿ.