ಬೂದಿದಿಬ್ಬಗಳ ದನಗಾಹಿಗಳು

ದಕ್ಷಿಣ ಭಾರತದ ನವಶಿಲಾಯುಗದ ಜನ (ಸು. ಕ್ರಿ.ಪೂ. 3000–1200) ದನ ಸಾಕಿ ಬದುಕಿದವರು. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ಬೂದಿದಿಬ್ಬಗಳೂ ಅವುಗಳ ಬಳಿ ಸಿಕ್ಕ ಎಲುಬುಗಳೂ ಇದಕ್ಕೆ ಆಧಾರ. ದನ ಎಲ್ಲಿ ತಂಗುತ್ತಿತ್ತು ಎಂಬುದನ್ನು ಬೂದಿ ಹೇಳುತ್ತದೆ. ಅದನ್ನು ಯಾತಕ್ಕಾಗಿ ಸಾಕಿದರು, ಯಾವ ವಯಸ್ಸಿನಲ್ಲಿ ಕಡಿದರು ಎಂಬುದಕ್ಕೆ ಎಲುಬೇ ಸಾಕ್ಷಿ.

ಹಂಪಿ ಸಮೀಪದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬಿದ್ದರು. ಇಂಥ ದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೆಂದು 19ನೇ ಶತಮಾನದಲ್ಲಿ ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಎಫ್.ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. ಅಲ್ಲಿಗೆ ವಾದ ಗಟ್ಟಿಯಾಯಿತು.

ಎಲುಬನ್ನು ಓದಲು ತಜ್ಞರು ಮೊದಲು ಹಲ್ಲು ನೋಡುತ್ತಾರೆ. ದನದ ಜಾತ್ರೆಯಲ್ಲಿ ರೈತ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುವ ಹಾಗೆಯೇ ಇದು. ಎಳೆಯ ಹೋರಿಗಳನ್ನೇ ಹೆಚ್ಚಾಗಿ ಕಡಿದಿದ್ದರೆ ಮಾಂಸಕ್ಕೆ ಒತ್ತು ಕೊಟ್ಟಿದ್ದರೆಂದೂ ವಯಸ್ಸಾದ ಹಸುಗಳ ಎಲುಬು ಹೆಚ್ಚಿದ್ದರೆ ಹಾಲಿಗಾಗಿ, ಕರುಗಳಿಗಾಗಿ ಉಳಿಸಿಕೊಂಡಿದ್ದರೆಂದೂ ಊಹಿಸಬಹುದು. ವರ್ಷಗಟ್ಟಲೆ ಭಾರ ಎಳೆದ ಎತ್ತಿನ ಕಾಲ್ಬೆರಳ ಎಲುಬಿನ ಅಂಚಿನಲ್ಲಿ ಹೊಸ ಎಲುಬು ಬೆಳೆದು ದಪ್ಪಗಾಗಿರುತ್ತದೆ. ಡುಬ್ಬದ ದನವನ್ನು ಬೆನ್ನೆಲುಬಿನ ಕವಲೊಡೆದ ಮುಳ್ಳಿನಿಂದ ಗುರುತಿಸುತ್ತಾರೆ.

ಡುಬ್ಬದ ದನವನ್ನು ಪಳಗಿಸಿದ್ದಕ್ಕೆ ಉಪಖಂಡದಲ್ಲಿ ಅತಿ ಹಳೆಯ ಆಧಾರ ದೊರೆತದ್ದು ಬಲೂಚಿಸ್ತಾನದ ಮೆಹರ್‌ಗಢದಲ್ಲಿ. ಅಲ್ಲಿನ ಎಲುಬುಗಳನ್ನು ಅಳೆದ ರಿಚರ್ಡ್ ಮೆಡೋ, ಕಾಲ ಸರಿದಂತೆ ದನದ ಗಾತ್ರ ಕುಗ್ಗುತ್ತ ಬಂದುದನ್ನು ತೋರಿಸಿದರು. ಗಾತ್ರ ಕುಗ್ಗುವುದು ಪಳಗಿಸಿದ್ದರ ಮುಖ್ಯ ಲಕ್ಷಣ.

ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ದಾರಿ ಮಾಡಿದವರಲ್ಲಿ ಪಶುವೈದ್ಯ ಕೆ.ಆರ್. ಆಲೂರ ಪ್ರಮುಖರು. ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಅಗೆದು ತೆಗೆದ ಎಲುಬುಗಳನ್ನು ಪರೀಕ್ಷಿಸಿದವರು ಇವರೇ. ಅವುಗಳಲ್ಲಿ ಕುದುರೆಯ ಎಲುಬೂ ಇದೆಯೆಂಬ ಅವರ ಮಾತು ದೀರ್ಘ ಚರ್ಚೆಗೆ ಕಾರಣವಾಯಿತು.

1990ರ ದಶಕದಲ್ಲಿ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಉತ್ಖನನ ನಡೆಸಿದರು. ದೊಡ್ಡಿಯ ಪಕ್ಕದಲ್ಲೇ ಮನೆಗಳಿದ್ದವು. ದನ ಕಡಿಯಲೆಂದೇ ಮಾಡಿದ ನೆಲವೂ ಇತ್ತು. ಅದರ ಮೇಲೆ ಕಲ್ಲಿನ ಆಯುಧಗಳೂ ಎಲುಬಿನ ಚೂರುಗಳೂ ಒಟ್ಟಿಗೇ ಸಿಕ್ಕಿವೆ. ದನಗಾಹಿಗಳು ಬರೀ ಅಲೆಮಾರಿಗಳಲ್ಲ, ಊರು ಕಟ್ಟಿ ನೆಲೆ ನಿಂತವರೂ ಹೌದೆಂದು ಇದರಿಂದ ತಿಳಿಯಿತು.

ಬೂದಿಮಣ್ಣನ್ನು ಗೊಬ್ಬರಕ್ಕೆಂದು ಹೊಲಗಳಿಗೆ ಹೇರಿದ್ದರಿಂದ ಹಲವು ದಿಬ್ಬಗಳು ಸವೆದಿವೆ. ಎಲುಬು ಯಾವ ಪದರದ್ದೆಂದು ತಿಳಿಯದೆ ಹೋದರೆ ಅದರ ಸಾಕ್ಷ್ಯದ ಬೆಲೆ ಬಹುಪಾಲು ಹೋದಂತೆಯೇ. ಉಳಿದ ದಿಬ್ಬಗಳನ್ನು ಅಗೆಯದೆ ಕಾಪಾಡುವ ಹೊಣೆ ಪುರಾತತ್ವ ಇಲಾಖೆಯದಷ್ಟೇ ಅಲ್ಲ, ಆಯಾ ಊರಿನವರದೂ ಆಗಿದೆ.